ಹತ್ತು ನಿಮಿಷದ ಕೌದಿ

ಮುಂಬಯಿ
೮ ಜನವರಿ ೧೯೬೭

ಪ್ರೀತಿಯ ಸಾಬೀರಕ್ಕ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಕೆಮ್ಮು ಹೋಗಿದೆ, ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ. ನೀನು ಪ್ರತಿ ಪತ್ರದಲ್ಲಿ ಕೇಳುವ ಮೂರೂ ಪ್ರಶ್ನೆಗಳಿಗೆ ಉತ್ತರ ಮುಗಿಯಿತು. ಇನ್ನು ನನ್ನ ಗೋಳು ಕೇಳು.

ನಮ್ಮ ಸಂಸ್ಥೆಯ ಗಣಕಯಂತ್ರದ ಬಗ್ಗೆ ಹೇಳಿದ್ದೆನಲ್ಲ, ನಿನ್ನ ಮಸೂತಿ ಶಾಲೆಯ ಕೋಣೆಯಷ್ಟು ದೊಡ್ಡದು. ತೂತು ಕೊರೆದ ಕಾರ್ಡು ತಿಂದು, ಉದ್ದನೆಯ ಕಾಗದದ ಮೇಲೆ ಉತ್ತರ ಅಚ್ಚು ಹಾಕಿ ಕೊಡುತ್ತದೆ. ಅದರ ಜೊತೆ ಮಾತಾಡಲು ಬೇರೆಯೇ ಭಾಷೆಗಳಿವೆ. ಎಲ್ಲರೂ ಬಳಸುವ ಭಾಷೆಯಲ್ಲಿ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಹೆಜ್ಜೆ ಹೆಜ್ಜೆಗೂ ಅಪ್ಪಣೆ ಕೊಡಬೇಕು. ನಾನು ಒಂದು ವರ್ಷದಿಂದ ಜೀವ ತೇಯುತ್ತಿರುವ ಭಾಷೆ ಹಾಗಲ್ಲ. ಅದರ ಹೆಸರು ಲಿಸ್ಪ್. ಅದರಲ್ಲಿ ಒಂದು ವಸ್ತು ಎಂದರೆ ಏನು ಎಂದು ಹೇಳಿದರೆ ಸಾಕು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ ಇಡಬಹುದು. ಒಂದು ನಿಯಮ ಕೆಲಸದ ನಡುವೆ ತನ್ನನ್ನು ತಾನೇ ಮತ್ತೆ ಕರೆಯಬಹುದು. ಇಲ್ಲಿಯ ದೊಡ್ಡವರಿಗೆ ಇದು ಹುಡುಗಾಟ ಅನ್ನಿಸುತ್ತದೆ.

ಫೆಬ್ರುವರಿ ೨೫ರಂದು ಒಂದು ಸಮಿತಿ ಬರುತ್ತದೆ. ಯಂತ್ರದ ಹೊತ್ತು ಯಾರಿಗೆ ಎಷ್ಟು ಎಂದು ಹಂಚುವವರು ಅವರು. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅವರ ಕಣ್ಣೆದುರಿಗೇ ಕಾರ್ಡು ಹಾಕಿ, ಉತ್ತರ ತೆಗೆದು, ಈ ಭಾಷೆ ಇಲ್ಲಿ ಇರಬೇಕು ಅನ್ನಿಸಬೇಕು. ಅನ್ನಿಸದಿದ್ದರೆ ಮಾರ್ಚಿಗೆ ಭಾಷೆಯೂ ಬಂದ್, ಅದಕ್ಕೆಂದೇ ಇಟ್ಟುಕೊಂಡ ನಾನೂ ಬಂದ್. ಟ್ರಂಕು ಹಿಡಿದು ನಮ್ಮೂರು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವುದೇ.

ಏನು ತೋರಿಸಲಿ? ಮೂರು ಯೋಚನೆಗಳಿವೆ. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು ಎಂದು ಒಂದರವರೆಗೂ ಗುಣಿಸಿ ಭಾರೀ ಸಂಖ್ಯೆ ತೆಗೆಯುವುದು ಒಂದು. ಬೀಜಗಣಿತದ ಸೂತ್ರವನ್ನು ಅಕ್ಷರಗಳಲ್ಲೇ ಬಿಡಿಸುವುದು ಇನ್ನೊಂದು. ಮೂರು ಗೂಟಗಳಿಗೆ ಸಿಕ್ಕಿಸಿದ ಬಿಲ್ಲೆಗಳ ಗೋಪುರವನ್ನು ಒಂದು ಗೂಟದಿಂದ ಮತ್ತೊಂದಕ್ಕೆ ಸಾಗಿಸುವುದು ಮತ್ತೊಂದು. ನಾಲ್ಕನೇ ಇಯತ್ತೆಯ ಮಕ್ಕಳನ್ನು ಒಂದು ತಾಸು ಮಿಸುಕದಂತೆ ಕೂರಿಸುವವಳು ನೀನು. ನೀನೇ ಹೇಳು.

ನಿನ್ನ ತಮ್ಮ
ಶಮಶು


ಮಸೂತಿ
೧೭ ಜನವರಿ ೧೯೬೭

ಚಿರಂಜೀವಿ ಶಮಶುದ್ದೀನನಿಗೆ ಅಕ್ಕನ ಆಶೀರ್ವಾದ.

ಖಾನಾವಳಿಯ ರೊಟ್ಟಿ ಸಿಗುತ್ತದೆ ಎಂದು ಬರೆದೆ, ತಿನ್ನುತ್ತೀ ಎಂದು ಬರೆಯಲಿಲ್ಲ. ನಾನು ಮಾಸ್ತರಿಣಿ, ನನಗೆ ಇಂಥ ಉತ್ತರಗಳ ಅಭ್ಯಾಸ ಇದೆ.

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ನಿಮ್ಮ ಭಾವ ಡ್ಯೂಟಿ ಮುಗಿಸಿ ಬಂದು, ಕಂಡಕ್ಟರ್ ಚೀಲ ಗೂಟಕ್ಕೆ ಹಾಕಿ ಕೂತಿದ್ದರು. ಗುಣಾಕಾರ ಕೇಳಿ ಅವರು, "ಇಪ್ಪತ್ತ ಸಲ ಗುಣಿಸಾಕ ಒಂದ ಖೋಲಿ ತುಂಬ ಮಿಶನ್ ಯಾಕ ಬೇಕ? ನಾ ಟಿಕೀಟ ಹರಕೋಂತನ ಮಾಡ್ತೇನಿ," ಅಂದರು. ಮಾಡಲಿಕ್ಕೂ ಕೂತರು. ಹನ್ನೆರಡರ ಹತ್ತಿರ ಬಂದಾಗ ಚಹಾ ಕೇಳಿದರು, ಆಮೇಲೆ ಆ ವಿಷಯ ಎತ್ತಲಿಲ್ಲ. ಪಕ್ಕದ ಮನೆಯ ಹುಚ್ಚವ್ವ ಗೋಪುರದ ಮಾತು ಕೇಳಿ, "ಬಿಲ್ಲಿ ಎತ್ತಿ ಇಡೂದು ಹುಡುಗೂರ ಆಟ ಬಿಡವಾ," ಅಂದಳು. ಬೀಜಗಣಿತ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದನ್ನು ಕಂಡರೆ ಜನ ತಲೆ ಅಲ್ಲಾಡಿಸುತ್ತಾರೆ, ಹೊಸ್ತಿಲು ದಾಟಿದ ಮೇಲೆ ಮರೆಯುತ್ತಾರೆ. ನಿನ್ನ ಸಮಿತಿಯವರೂ ಅಷ್ಟೇ ಮಾಡುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ಹಿಡಿದು ನೋಡಿದ ವಸ್ತುವಿನಿಂದ ಸುರು ಮಾಡು. ನಾನು ಭಿನ್ನರಾಶಿಯನ್ನು ರೊಟ್ಟಿ ಮುರಿದೇ ಕಲಿಸುತ್ತೇನೆ.

ಇನ್ನೊಂದು ಸಂಗತಿ. ಭಾನುವಾರ ಅವ್ವನ ಕೌದಿಯನ್ನು ಬಿಸಿಲಿಗೆ ಹಾಕಿದ್ದೆ. ನನಗೆ ಹೊದೆಯಲೆಂದು ಹಳೆಯ ಅರಿವೆ ಕೂಡಿಸಿ ಹೊಲಿದುಕೊಟ್ಟದ್ದು, ನಿನಗೂ ನೆನಪಿರಬೇಕು. ಒಂದು ಮೂಲೆ ಹರಿದು ಒಳಗೆ ಅಜ್ಜಿಯ ಹಳೆಯ ಕೌದಿ ಇಣುಕುತ್ತಿತ್ತು. ಹುಚ್ಚವ್ವ ಬೆರಳು ತೂರಿಸಿ ನೋಡಿ, "ಕೌದಿಯೊಳಗ ಕೌದಿ ಐತಿ ನೋಡವಾ. ಅದರೊಳಗ ಇನ್ನೊಂದ ಇದ್ದರೂ ಇದ್ದೀತು. ನಿಮ್ಮವ್ವ ಬಾನುಬಿ ಒಂದ ಚಿಂದಿ ಸೈತ ಒಗದಾಕಿ ಅಲ್ಲ," ಅಂದಳು. ಪಟ್ಟಿಯೊಳಗೆ ಪಟ್ಟಿ ಎಂದು ನೀನು ಬರೆದದ್ದು ನನಗೆ ಆಗ ತಿಳಿಯಿತು. ಇದರಲ್ಲಿ ಎಲ್ಲ ಕೂಡಿ ಎಷ್ಟು ತುಂಡು ಅರಿವೆ ಇದೆ ಎಂದು ಕೇಳಿದರೆ ನಿನ್ನ ಯಂತ್ರ ಹೇಳೀತೇನು? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ
ಸಾಬೀರಾ


ಮುಂಬಯಿ
೨೩ ಜನವರಿ ೧೯೬೭

ಅಕ್ಕಾ,

ಸುಮ್ಮನೆ ಕೇಳಿದೆಯಂತೆ! ನಿನ್ನ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಸಾಹೇಬರ ಕೋಣೆಗೆ ಓಡಿದೆ. ಮೂರೂ ಯೋಚನೆ ಕಸದ ಬುಟ್ಟಿಗೆ ಹೋದವು. ಅವ್ವನ ಕೌದಿಯನ್ನೇ ತೋರಿಸುತ್ತೇನೆ.

ನಿಯಮ ಎಷ್ಟು ಸಣ್ಣದು ನೋಡು. ತುಂಡು ಕಂಡರೆ ಒಂದು ಎಂದು ಎಣಿಸು. ಕೌದಿ ಕಂಡರೆ ಅದನ್ನೂ ಇದೇ ನಿಯಮದಿಂದ ಎಣಿಸು. ಮುಗಿಯಿತು. ಒಳಗೆ ಎರಡು ಪದರ ಇರಲಿ, ಇಪ್ಪತ್ತಿರಲಿ, ನಿಯಮದ ಒಂದು ಅಕ್ಷರವೂ ಬದಲಾಗುವುದಿಲ್ಲ. ಬೇರೆ ಭಾಷೆಯವರು ಇದನ್ನು ಬರೆಯಲು ಕೂತರೆ ಒಂದೊಂದು ಪದರಕ್ಕೂ ಒದ್ದಾಡಬೇಕು.

ನೀನು ಎರಡು ಕೆಲಸ ಮಾಡಬೇಕು. ಯಾವ ಕೌದಿಯಲ್ಲಿ ಯಾವ ಯಾವ ತುಂಡು ಎಂದು ಒಂದು ಹಾಳೆಯಲ್ಲಿ ಬರೆ. ಪ್ರತಿ ತುಂಡಿಗೂ ಒಂದು ಹೆಸರು ಬೇಕೇ ಬೇಕು, ಹೆಸರಿಲ್ಲದ್ದನ್ನು ಈ ಭಾಷೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲ ಕೂಡಿ ಎಷ್ಟು ಎಂಬುದನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಕಳಿಸು. ನಾನು ಒಡೆಯುವುದಿಲ್ಲ, ಪಟ್ಟಿಯನ್ನೂ ಎಣಿಸುವುದಿಲ್ಲ. ಯಂತ್ರ ಉತ್ತರ ಕೊಟ್ಟ ಮೇಲೆ ಸಮಿತಿಯವರೇ ಒಡೆಯಲಿ. ಎರಡೂ ತಾಳೆಯಾದಾಗ ಅವರ ಮುಖ ನೋಡಬೇಕು!

ಕೌದಿಯನ್ನು ಮಾತ್ರ ಬಿಚ್ಚಬೇಡ. ಅವ್ವ ಹೋಗಿ ಮೂರು ವರ್ಷವಾಯಿತು, ಅವಳ ಕೈಯ ಹೊಲಿಗೆ ಅಂತ ಉಳಿದಿರುವುದು ಅದೊಂದೇ. ಅವಳು ಹೊಲಿಯುವಾಗ ನೀನು ಪಕ್ಕದಲ್ಲೇ ಇದ್ದೆಯಲ್ಲ, ನೆನಪಿನಿಂದಲೇ ಬರೆ.

ಶಮಶು


ಮುಂಬಯಿ
೮ ಫೆಬ್ರುವರಿ ೧೯೬೭

ಅಕ್ಕಾ,

ಹದಿನಾರು ದಿನವಾಯಿತು, ನಿನ್ನ ಪತ್ರವಿಲ್ಲ. ಪೋಸ್ಟ್‌ಮನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ.

ನಿನಗೆ ಸಿಟ್ಟು ಬಂದಿದೆ ಎಂದು ಕಾಣುತ್ತದೆ. ಅವ್ವ ಚಿಂದಿ ಕೂಡಿಸಿ ಹೊಲಿದದ್ದನ್ನು ಸೂಟುಬೂಟಿನವರ ಮುಂದೆ ಹರಡುತ್ತೇನೆ ಎಂದದ್ದು ನಿನಗೆ ಸರಿಬಂದಿರಲಿಕ್ಕಿಲ್ಲ. ನಮ್ಮ ಬಡತನವನ್ನು ತೋರಿಸಿ ಕೆಲಸ ಉಳಿಸಿಕೊಳ್ಳುತ್ತಾನೆ ಎಂದುಕೊಂಡೆಯಾ? ನನಗೆ ಹಾಗೆ ಅನ್ನಿಸಿರಲಿಲ್ಲ, ಅಕ್ಕ. ನನಗೆ ಅದು ಹೆಮ್ಮೆಯೇ ಆಗಿತ್ತು.

ಇಲ್ಲಿಯೂ ಕೆಟ್ಟಿದೆ. ನಿನ್ನೆ ಸುಳ್ಳು ಕೌದಿಯೊಂದನ್ನು ಕಟ್ಟಿ ತಾಲೀಮು ಮಾಡಿದೆ. ಯಂತ್ರ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಹುಡುಕುತ್ತ ಹುಡುಕುತ್ತ ಹೋಯಿತು. ಕೊನೆಗೆ ನಿಲ್ಲಿಸಬೇಕಾಯಿತು, ಸಾಹೇಬರು ಎದ್ದು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬೇಡ ಎಂದು ಒಂದು ಕಾರ್ಡು ಹಾಕು, ಬಿಲ್ಲೆಗಳ ಗೋಪುರವನ್ನೇ ತೋರಿಸುತ್ತೇನೆ. ನಿನ್ನ ಮನಸ್ಸು ನೋಯಿಸಿ ನನಗೆ ಯಾವ ಭಾಷೆಯೂ ಬೇಡ.

ಶಮಶು


ಮಸೂತಿ
೧೩ ಫೆಬ್ರುವರಿ ೧೯೬೭

ಹುಚ್ಚು ಶಮಶು,

ಸಿಟ್ಟೂ ಇಲ್ಲ, ಏನೂ ಇಲ್ಲ. ಚುನಾವಣೆ ಬಂತಲ್ಲ, ನಮ್ಮನ್ನೆಲ್ಲ ಬಸವನ ಬಾಗೇವಾಡಿಗೆ ಕರೆಸಿ ಮತಪೆಟ್ಟಿಗೆ ಕೂರಿಸುವುದು, ಅರಗು ಹಾಕುವುದು ಕಲಿಸುತ್ತಿದ್ದರು. ಅದರಲ್ಲಿ ದಿನ ಹೋದವು. ಅವ್ವನ ಕೌದಿಯಿಂದ ನಮಗೆ ನಾಚಿಕೆ ಯಾಕೆ? ಅದರಲ್ಲಿ ಇರುವುದೆಲ್ಲ ನಾವು ಉಟ್ಟು ತೊಟ್ಟದ್ದೇ.

ನೀನು ಹೇಳಿದಂತೆ ನೆನಪಿನಿಂದ ಬರೆದ ಪಟ್ಟಿ ಇದರೊಂದಿಗಿದೆ. ಹೊರಗೆ ಅವ್ವನ ಕೌದಿ, ಅದರೊಳಗೆ ಅಜ್ಜಿಯದು, ಅದರ ನಡುವೆ ನಮ್ಮಿಬ್ಬರನ್ನೂ ಮಲಗಿಸಿದ ತೊಟ್ಟಿಲ ಕೌದಿ. ಅಪ್ಪನ ರುಮಾಲು ನಾಲ್ಕು ಕಡೆ ಸಿಗುತ್ತದೆ, ಒಂದೊಂದಕ್ಕೂ ಬೇರೆ ಹೆಸರು ಕೊಟ್ಟಿದ್ದೇನೆ. ನಿನ್ನ ಖಾಕಿ ಅಂಗಿಯ ಜೇಬು ಜೇಬಾಗಿಯೇ ಇದೆ, ಅದರಲ್ಲಿ ಸೀಸದ ಕಡ್ಡಿಯ ಚೂರು ಇನ್ನೂ ಇದೆ. ನನ್ನ ಮೊದಲ ಇಳಕಲ್ಲ ಸೀರೆಯ ಸೆರಗೂ ಇದೆ. ನಾನು ಹೆಸರು ಹೇಳುತ್ತ ಹೋದೆ, ಹುಚ್ಚವ್ವ ಹೆಸರಿಗೊಂದು ಹುಣಸೆ ಬೀಜ ಮೊರಕ್ಕೆ ಹಾಕುತ್ತ ಹೋದಳು. ಕೊನೆಗೆ ಬೀಜ ಎಣಿಸಿ ಲಕೋಟೆಯಲ್ಲಿ ಬರೆದು ಅಂಟಿಸಿದ್ದೇನೆ. ತೊಟ್ಟಿಲ ಕೌದಿಯ ಒಳಗೆ ಮತ್ತೇನೂ ಇಲ್ಲ.

ನಿನ್ನ ಯಂತ್ರ ನಿಲ್ಲಲಿಲ್ಲ ಎಂದು ಬರೆದೆ. ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ಹೇಳಿದ್ದೀಯಾ? ಅವ್ವ ಪ್ರತಿ ಕೌದಿಯ ಕೊನೆಯ ಹೊಲಿಗೆಗೆ ಮುಂಚೆ ಒಂದು ಚೂರು ಒಣ ರೊಟ್ಟಿ ಇಡುತ್ತಿದ್ದಳು, ನೆನಪಿದೆಯೇ? ಕೌದಿ ಹಸಿದಿರಬಾರದು ಎನ್ನುತ್ತಿದ್ದಳು. ಆ ತುತ್ತು ಇಟ್ಟಳೆಂದರೆ ಮುಗಿಯಿತು, ಮತ್ತೆ ಅದಕ್ಕೆ ಚಿಂದಿ ಸೇರಿಸುವ ಹಾಗಿಲ್ಲ. ಹಾಗೆ ಏನಾದರೂ ಒಂದು ಇಡು, ಪಾಪ, ಅದಕ್ಕೂ ತಿಳಿಯಬೇಕಲ್ಲ. ನನಗೆ ನಿನ್ನ ವಿದ್ಯೆ ಗೊತ್ತಿಲ್ಲ, ತಪ್ಪಿದ್ದರೆ ನಗಬೇಡ.

ಧೈರ್ಯವಾಗಿ ಮಾಡು. ನಿಮ್ಮ ಭಾವ ಇಂಡಿಗೆ ಹೋಗಿದ್ದಾಗ ತಂದ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದ್ದೇನೆ, ಗೆದ್ದರೂ ಸೋತರೂ ಕಳಿಸುತ್ತೇನೆ.

ನಿನ್ನ ಅಕ್ಕ
ಸಾಬೀರಾ


ಮುಂಬಯಿ
೨೭ ಫೆಬ್ರುವರಿ ೧೯೬೭

ಅಕ್ಕಾ,

ಮೊದಲು ಸುದ್ದಿ ಕೇಳು, ಇಲ್ಲದಿದ್ದರೆ ಹಾಳೆ ತಿರುವಿ ಕೊನೆಗೆ ಓಡುತ್ತೀ. ಕೆಲಸ ಉಳಿಯಿತು. ಭಾಷೆಯೂ ಉಳಿಯಿತು. ಇನ್ನೊಂದು ವರ್ಷ, ವಾರಕ್ಕೆ ನಾಲ್ಕು ತಾಸು ಯಂತ್ರ ನನ್ನದು.

ಈಗ ಮೊದಲಿನಿಂದ ಹೇಳುತ್ತೇನೆ. ನಿನ್ನ ತುತ್ತಿನ ಮಾತು ಓದಿ ಹಣೆ ಬಡಿದುಕೊಂಡೆ. ಪಟ್ಟಿ ಮುಗಿದಾಗ ಏನು ಮಾಡಬೇಕು ಎಂಬುದನ್ನೇ ನಾನು ಬರೆದಿರಲಿಲ್ಲ! ಈ ಭಾಷೆಯ ಮೊದಲ ಪಾಠವೇ ಅದು. 'ತುತ್ತು ಸಿಕ್ಕರೆ ಸೊನ್ನೆ ಎಂದು ಹೇಳಿ ಹಿಂದಿರುಗು' ಎಂದು ಒಂದು ಸಾಲು ಸೇರಿಸಿದೆ. ಯಂತ್ರ ಸುಳ್ಳು ಕೌದಿಯ ಒಳಗೆ ಹೋಗಿ ಸುಖವಾಗಿ ಹೊರಗೆ ಬಂತು.

ಶನಿವಾರ ಆರು ಜನ ಬಂದರು. ಮುಖ್ಯಸ್ಥರು ವಯಸ್ಸಾದವರು, ಇಂಗ್ಲಿಷಿನಲ್ಲಿ ಎರಡು ಮಾತಾಡಿ ಸುಮ್ಮನೆ ಕೂತಿದ್ದರು. ನಾನು ಕೌದಿಯ ವಿಷಯ ಸುರು ಮಾಡಿದೆ. ಕಾಗದದ ಮೇಲೆ ಒಂದು ಚೌಕ, ಅದರೊಳಗೊಂದು, ಅದರೊಳಗೊಂದು ಬರೆದೆ. ತುತ್ತಿನ ಹತ್ತಿರ ಬಂದಾಗ ಆ ಹಿರಿಯರು ಕನ್ನಡಕ ತೆಗೆದು, "ಯಾವೂರಪಾ ನಿಂದು?" ಅಂದರು. ಧಾರವಾಡದ ಕಡೆಯವರಂತೆ! "ನಮ್ಮವ್ವನೂ ರೊಟ್ಟಿ ಚೂರು ಇಡತಿದ್ಲು. ಹೂಂ, ನಡಸು," ಅಂದರು. ಉಳಿದ ಐವರು ಮುಖ ಮುಖ ನೋಡಿಕೊಂಡರು.

ಕಾರ್ಡು ಹಾಕಿದೆ. ಅಚ್ಚಾಗಿ ಬಂತು, ಅರವತ್ತೊಂದು. ನಿನ್ನ ಲಕೋಟೆಯನ್ನು ಅವರೇ ಒಡೆದರು. ಅರವತ್ತೆರಡು.

ಅಕ್ಕಾ, ನಾನು ಎರಡೂ ಕಾಗದವನ್ನು ಮತ್ತೆ ಮತ್ತೆ ನೋಡಿದೆ. ಒಬ್ಬರು ಗಡಿಯಾರ ನೋಡಿಕೊಂಡರು. ಸಾಹೇಬರು ನೆಲ ನೋಡಿದರು. ಆ ಹಿರಿಯರು ಮಾತ್ರ ನಿನ್ನ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಬೆರಳು ಇಟ್ಟು ಒಂದೊಂದೇ ಎಣಿಸಿದರು. ಉಳಿದವರೂ ಬಗ್ಗಿ ಎಣಿಸಿದರು. ಅರವತ್ತೊಂದೇ. "ಮಿಶನ್ ಖರೇ ಹೇಳೇತಿ. ನಿಮ್ಮಕ್ಕನ ಲೆಕ್ಕ ತಪ್ಪೇತಿ," ಅಂದರು.

ನನಗೆ ಏನಾಯಿತೋ, "ನಮ್ಮಕ್ಕ ಎಣಿಕಿ ತಪ್ಪಾಕಿ ಅಲ್ರಿ. ಒಂದ ತುಂಡು ನನಗ ಬರದಿಲ್ಲ, ಅಷ್ಟ," ಅಂದುಬಿಟ್ಟೆ. ಕೆಲಸ ಹೋಗುವ ಹೊತ್ತಿನಲ್ಲಿ ನಿನ್ನ ಪರ ವಾದಿಸುತ್ತಿದ್ದೆ ನೋಡು! ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ತಮ್ಮ ಕೋಟು ಮುಟ್ಟಿ, "ಇದರದೊಂದ ತುಂಡು ಹಚ್ಚು. ಈ ಇಡೀ ಕೌದಿನ ಇನ್ನೊಂದರಾಗ ಹಾಕು. ನಿಯಮ ಮುಟ್ಟಬ್ಯಾಡ," ಅಂದರು. ಅಲ್ಲೇ ಕಾರ್ಡು ಕೊರೆದು ಹಾಕಿದೆ. ಸರಿಯಾದ ಉತ್ತರ ಬಂತು. ನಿಯಮ ಇದ್ದ ಹಾಗೇ ಇತ್ತು.

ಹೋಗುವಾಗ ಅವರು ಹೇಳಿದ್ದು ಇದು. ಎರಡು ಅಂಕಿ ತಾಳೆಯಾಗಿದ್ದರೆ ಅವರೆಲ್ಲ ಚಪ್ಪಾಳೆ ತಟ್ಟಿ ಚಹಾಕ್ಕೆ ಏಳುತ್ತಿದ್ದರಂತೆ. ತಾಳೆಯಾಗಲಿಲ್ಲವೆಂದು ಕೂತು ಎಣಿಸಿದರು, ಎಣಿಸಿದ್ದರಿಂದ ತಿಳಿಯಿತು. ಹಾಗಾಗಿ ನನ್ನನ್ನು ಉಳಿಸಿದ್ದು ನಿನ್ನ ಆ ಒಂದು ತುಂಡು.

ಈಗ ಹೇಳು, ಅದನ್ನು ಎಲ್ಲಿ ಬಚ್ಚಿಟ್ಟೆ? ನನಗೆ ಗುಮಾನಿ ಇದೆ. ನನ್ನ ಲಂಗೋಟಿ ಇರಬೇಕು. ತಮ್ಮನ ಮಾನ ಕಾಯಲು ಬಿಟ್ಟಿದ್ದೀ. ಪರವಾಗಿಲ್ಲ, ಬರೆ, ಯಂತ್ರ ನಗುವುದಿಲ್ಲ.

ನಿನ್ನ
ಶಮಶು


ಮಸೂತಿ
೬ ಮಾರ್ಚ್ ೧೯೬೭

ಪ್ರೀತಿಯ ಶಮಶು,

ನಿನ್ನ ಪತ್ರ ಓದಿ ನಿಮ್ಮ ಭಾವ ಇಡೀ ಬಸ್ಸಿಗೆ ಸಕ್ಕರೆ ಹಂಚಿದರಂತೆ. ಮುದ್ದೇಬಿಹಾಳದವರೆಗೂ ಸುದ್ದಿ ಹೋಗಿದೆ. ನನಗಾದ ಸಂತೋಷ ಹೇಳಲಾರೆ, ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಲಂಗೋಟಿ ಅಲ್ಲ.

ನಾನು ನಿನಗೆ ಸುಳ್ಳು ಬರೆದೆ. ಬಾಗೇವಾಡಿಗೆ ಹೋಗಿದ್ದು ಎರಡೇ ದಿನ. ಮತ್ತೆ, ಪಟ್ಟಿ ನೆನಪಿನಿಂದ ಬರೆದದ್ದಲ್ಲ. ಕೌದಿ ಬಿಚ್ಚಿದೆ. ನೀನು ಬೇಡ ಎಂದಿದ್ದೆ, ನನಗೂ ಕೈ ಬರಲಿಲ್ಲ. ಆದರೆ ಅವ್ವ ಇದನ್ನು ನನ್ನ ಪಕ್ಕದಲ್ಲಿ ಕೂತು ಹೊಲಿಯಲಿಲ್ಲ, ಶಮಶು. ಆಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಕೆಲಸ ಹೋಗುವುದಕ್ಕಿಂತ ಹೊಲಿಗೆ ಹೋಗಲಿ ಎಂದು ಕತ್ತರಿ ಹಿಡಿದೆ.

ಅಜ್ಜಿಯ ಕೌದಿಯ ಒಂದು ಬದಿಯಲ್ಲಿ ದಾರ ಬೇರೆ ಇತ್ತು. ಅವ್ವ ಅದನ್ನು ಬಿಚ್ಚಿ ಮತ್ತೆ ಹೊಲಿದಿದ್ದಳು. ಅದರೊಳಗೆ ತೊಟ್ಟಿಲ ಕೌದಿ. ಅದರ ಮಡಿಕೆಯಲ್ಲಿ ಒಂದು ಕುಲಾವಿ ಸಿಕ್ಕಿತು. ಹಸಿರು ಖಣದ್ದು, ನಾನೇ ಹೊಲಿದದ್ದು.

ಎಂಟು ವರ್ಷದ ಹಿಂದೆ ನೀನು ವಿಜಾಪುರದಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಕೂಸು ಉಳಿಯಲಿಲ್ಲ ಎಂದು ಅಪ್ಪ ನಿನಗೆ ಒಂದು ಸಾಲು ಬರೆಸಿದ್ದ. ಹುಟ್ಟುತ್ತಲೇ ಹೋಯಿತು ಎಂದು ನೀನು ತಿಳಿದಿದ್ದೀ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗಲ್ಲ. ಅವಳು ಹತ್ತೊಂಬತ್ತು ದಿನ ಇದ್ದಳು. ತೊಟ್ಟಿಲಿಗೆ ಹಾಕಿದೆವು, ಹೆಸರಿಟ್ಟೆವು. ಅವಳು ಹೋದ ದಿನವೇ ಅವ್ವ ಅವಳ ಅರಿವೆಗಳನ್ನೆಲ್ಲ ನನ್ನ ಕಣ್ಣಿಗೆ ಬೀಳದಂತೆ ಎತ್ತಿಬಿಟ್ಟಳು. ಯಾರಿಗೋ ಕೊಟ್ಟಳೆಂದು ತಿಳಿದೆ. ಕುಲಾವಿಯಾದರೂ ಇಡಬಾರದಿತ್ತೇ ಎಂದು ಅವ್ವನ ಮೇಲೆ ಒಳಗೊಳಗೇ ಸಿಟ್ಟಿತ್ತು. ಅವ್ವ ಸಾಯುವಾಗಲೂ ಆ ಸಿಟ್ಟು ನನ್ನಲ್ಲಿತ್ತು, ಶಮಶು.

ಅವಳು ಯಾರಿಗೂ ಕೊಟ್ಟಿರಲಿಲ್ಲ. ಎಲ್ಲಕ್ಕಿಂತ ಬೆಚ್ಚಗಿನ ಜಾಗದಲ್ಲಿ ಇಟ್ಟು, ತುತ್ತನ್ನೂ ಇಟ್ಟು, ಹೊಲಿದು ನನ್ನ ಕೈಗೇ ಕೊಟ್ಟಿದ್ದಳು. ಎಂಟು ಚಳಿಗಾಲ ನಾನು ಅದನ್ನೇ ಹೊದ್ದು ಮಲಗಿದ್ದೇನೆ.

ಕುಲಾವಿ ಸಿಕ್ಕಾಗ ನಾನು ಬಾಯಿಬಿಟ್ಟು ಅದರ ಹೆಸರು ಹೇಳಿದೆನಂತೆ, ನನಗೆ ಅರಿವಿಲ್ಲ. ಹುಚ್ಚವ್ವ ಅದಕ್ಕೂ ಒಂದು ಬೀಜ ಹಾಕಿದ್ದಾಳೆ. ಪಟ್ಟಿಯಲ್ಲಿ ಮಾತ್ರ ನಾನು ಬರೆಯಲಿಲ್ಲ. ಹತ್ತು ಜನ ದೊಡ್ಡವರ ಮುಂದೆ ಅದೊಂದು ಚಿಂದಿ ಎಂದು ಎಣಿಸಿಕೊಳ್ಳುವುದು ಬೇಡ ಅನ್ನಿಸಿತು. ಮೊರದಿಂದ ಬೀಜ ತೆಗೆಯುವುದು ಹೊಳೆಯಲಿಲ್ಲ.

ಬಿಚ್ಚಿದ್ದಕ್ಕೆ ಬೈಯುವುದಿದ್ದರೆ ಬೈ.

ಅಕ್ಕ


ಮುಂಬಯಿ
೧೨ ಮಾರ್ಚ್ ೧೯೬೭

ಅಕ್ಕಾ,

ಮೂರು ಸಲ ಬರೆದು ಹರಿದೆ. ನಾಲ್ಕನೆಯದು ಇದು.

ಬೈಯಬೇಕಾದದ್ದು ನನ್ನನ್ನು. ಆ ಒಂದು ಸಾಲು ಓದಿ, ಹಾಸ್ಟೆಲಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಮತ್ತೆ ಓದಲು ಹೋದೆ. ಊರಿಗೆ ಬಂದಾಗ ನೀನು ತೆಳ್ಳಗಾಗಿದ್ದೆ, ರೊಟ್ಟಿ ಬಡಿಸಿ ಪರೀಕ್ಷೆ ಹೇಗಾಯಿತು ಎಂದು ಕೇಳಿದೆ. ನಾನು ಒಂದೊಂದೇ ಪ್ರಶ್ನೆ ವಿವರಿಸಿ ಹೇಳಿದೆ. ನಿನ್ನನ್ನು ಒಂದೇ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ನನಗೆ ಅಂಜಿಕೆಯಾಗಿತ್ತು, ಅಕ್ಕ. ಕೇಳಿದರೆ ನೀನು ಅಳುತ್ತೀ, ಆಗ ನಾನೇನು ಮಾಡಲಿ ಎಂದು. ಅವಳು ನನ್ನ ಸೋದರ ಸೊಸೆ, ಹತ್ತೊಂಬತ್ತು ದಿನ ಇದ್ದಳು, ನಾನು ಮುಖ ನೋಡಲಿಲ್ಲ.

ಈಗ ಪ್ರತಿ ವಾರ ಯಂತ್ರದ ಪಾಳಿ ನನಗೆ ಬರುತ್ತದೆ. ಸಮಿತಿ ಇಲ್ಲ, ಯಾರೂ ಇಲ್ಲ. ಆ ಕೌದಿಯನ್ನು ಇನ್ನೊಮ್ಮೆ ಹಾಕಬೇಕೆಂದಿದ್ದೇನೆ, ನೀನು ಒಪ್ಪಿದರೆ. ಅರವತ್ತೊಂದು ಎಂದು ಅಚ್ಚಾದ ಕಾಗದ ನನ್ನ ಮೇಜಿನ ಮೇಲಿದೆ, ಅದು ಸುಳ್ಳು ಹೇಳುತ್ತಿದೆ. ನಿಯಮ ಬದಲಿಸಬೇಕಿಲ್ಲ. ತೊಟ್ಟಿಲ ಕೌದಿಯಲ್ಲಿ, ತುತ್ತಿಗೆ ಮುಂಚೆ, ಒಂದು ಕಾರ್ಡು ಸೇರಿಸಿದರೆ ಸಾಕು.

ಆದರೆ ಹೆಸರಿಲ್ಲದ್ದನ್ನು ಈ ಭಾಷೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ನಿನಗೆ ಬರೆದಿದ್ದೆ. ಕುಲಾವಿ ಎಂದು ಕೊರೆಯಲು ನನಗೆ ಮನಸ್ಸಿಲ್ಲ.

ಎಂಟು ವರ್ಷ ತಡವಾಗಿ ಕೇಳುತ್ತಿದ್ದೇನೆ. ಅವಳ ಹೆಸರೇನು?

ಶಮಶು


ಮಸೂತಿ
೧೮ ಮಾರ್ಚ್ ೧೯೬೭

ಶಮಶು,

ಇವತ್ತು ಕೌದಿ ಹೊಲಿದು ಮುಗಿಸಿದೆವು. ಎಲ್ಲವನ್ನೂ ಅವ್ವ ಇಟ್ಟ ಹಾಗೇ ಇಟ್ಟೆ. ಕುಲಾವಿಯನ್ನೂ ಅದರ ಜಾಗದಲ್ಲೇ ಇಟ್ಟೆ, ಒಂದು ದಿನ ನನ್ನ ಹತ್ತಿರ ಇಟ್ಟುಕೊಂಡು. ರೊಟ್ಟಿಯ ಚೂರನ್ನು ಹುಚ್ಚವ್ವ ಇಟ್ಟಳು. ನಿಮ್ಮ ಭಾವ ದೂರ ಕೂತಿದ್ದರು, ಕೊನೆಯ ಹೊಲಿಗೆಗೆ ಸೂಜಿಗೆ ದಾರ ಪೋಣಿಸಿ ಕೊಟ್ಟರು.

ಉಪ್ಪಿನಕಾಯಿ ಬೇರೆ ಪಾರ್ಸಲ್ಲಿನಲ್ಲಿ ಬರುತ್ತದೆ. ಭರಣಿ ಓರೆಯಾಗದಂತೆ ನೋಡಿಕೋ.

ನೀನು ಕೇಳಿದ್ದನ್ನು ಈ ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನು ಒಬ್ಬಳೇ ಇದ್ದಾಗ ಹೇಳಿಕೊಳ್ಳುತ್ತಿದ್ದೆ, ಬರೆದು ನೋಡಿರಲಿಲ್ಲ. ಈಗ ಬರೆಯುತ್ತಿದ್ದೇನೆ, ನೀನೂ ಹೀಗೆಯೇ ಬರೆ.

ರಾಜಬಿ.

ನಿನ್ನ ಅಕ್ಕ
ಸಾಬೀರಾ